ಕೂಗಿನಲ್ಲಿ ಎಳೆದ ಅಕ್ಷರ

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಿಣಿ ಅಂತಲೇ ಕರೆಯುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ಅವಳು ಸಂಜೆ ಹೊತ್ತು ಸ್ಪ್ಯಾನಿಶ್ ಕ್ಲಾಸಿಗೆ ಹೋಗತೊಡಗಿದ ಮೇಲೆ ಅತ್ತಿಗೆ ಇಟ್ಟದ್ದು. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಬಂದ ಬೆಡ್‌ಶೀಟುಗಳನ್ನು ಎಣಿಸಿ ಇಳಿಸಿಕೊಳ್ಳುವುದು ಗಿಣಿಯ ಕೆಲಸ. ಎಣಿಸುತ್ತಾ ಎಣಿಸುತ್ತಾ ಅವಳ ಬಾಯಲ್ಲಿ ಕ್ರಿಯಾಪದಗಳು ಸರಸರನೆ ಬರುತ್ತಿದ್ದವು. "ಬುಸ್ಕಾರ್, ಬೂಸ್ಕೆ... ಯೆಗಾರ್, ಯೇಗೆ..." ಅತ್ತಿಗೆಗೆ ಕೇಳಿ ಕೇಳಿ ಸಾಕಾಗಿತ್ತು.

"ಏನೇ ಗಿಣಿ, ಒಂದು ದಿನವಾದ್ರೂ ನಮ್ಮ ಭಾಷೆಯಲ್ಲಿ ಒದರೇ. ನಿನ್ನ ಗಲಾಟೆಗೆ ಲೆಕ್ಕ ತಪ್ಪಿ ನಾನು ಅದೇ ಶೀಟನ್ನ ಎರಡು ಸಲ ಇಸ್ತ್ರಿ ಮಾಡ್ತಿದ್ದೀನಿ."

ಅತ್ತಿಗೆ ಅಂದರೆ ಗಿಣಿಯ ಅಣ್ಣನ ಹೆಂಡತಿ. ಇಸ್ತ್ರಿ ವಿಭಾಗ ಪೂರ್ತಿ ಅವಳದೇ ರಾಜ್ಯ. ಅಣ್ಣ ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ. ಲಾಂಡ್ರಿಯ ಮಾಲೀಕರು ಗಿಣಿಗೂ ಅಣ್ಣನಿಗೂ ಸೋದರಮಾವ. ಅಣ್ಣತಂಗಿಗೆ ಅವರು ಮಾವ, ಅತ್ತಿಗೆಗೂ ಮಾವ, ಕೊನೆಗೆ ಇಡೀ ಲಾಂಡ್ರಿಗೇ ಮಾವ. ಹೀಗಾಗಿ ಅಲ್ಲಿ ಜಗಳವಾದರೆ ಅದು ಕೆಲಸದ ಜಗಳವೋ ಮನೆಯ ಜಗಳವೋ ಅಂತ ಹೇಳುವುದು ಕಷ್ಟವಾಗುತ್ತಿತ್ತು.

ಗಿಣಿ ಸ್ಪ್ಯಾನಿಶ್ ಕಲಿಯಲು ಹೋದದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಓದು ಅರ್ಧಕ್ಕೇ ನಿಂತುಹೋಗಿತ್ತು. ಮಗಳು ದೊಡ್ಡವಳಾಗಿ ತನ್ನ ಪಾಡಿಗೆ ತಾನು ಹಾಸ್ಟೆಲ್ ಸೇರಿದ್ದಳು. ಲಾಂಡ್ರಿಗೂ ಬಸ್ ನಿಲ್ದಾಣಕ್ಕೂ ನಡುವೆ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಒಂದು ಬೋರ್ಡು ಕಾಣಿಸಿತು. ಹತ್ತಿದಳು. ಟೀಚರಮ್ಮ, ಅಂದರೆ ಅಲ್ಲಿ ಪಾಠ ಹೇಳುವ ಬಿಳಿಕೂದಲಿನ ಹೆಂಗಸು, "ಯಾಕೆ ಕಲೀಬೇಕು ಅಂತಿದ್ದೀಯಮ್ಮ?" ಅಂದಾಗ ಗಿಣಿಗೆ ಏನೂ ತೋಚಲಿಲ್ಲ. "ಸುಮ್ಮನೆ," ಅಂದಳು. ಟೀಚರಮ್ಮನಿಗೆ ಆ ಉತ್ತರ ಬಹಳ ಹಿಡಿಸಿತು.

ವರ್ಷ ಕಳೆಯುವಷ್ಟರಲ್ಲಿ ಗಿಣಿ ತರಗತಿಗೇ ಮೊದಲಿಗಳಾಗಿದ್ದಳು. ಉಳಿದವರು ತಲೆ ಚಚ್ಚಿಕೊಳ್ಳುತ್ತಿದ್ದ ಪಾಠವೆಂದರೆ ಆಗಷ್ಟೇ ಶುರುವಾಗಿದ್ದದ್ದು: ಬಯಕೆಗೂ ಅನುಮಾನಕ್ಕೂ ಬಳಸುವ ಕ್ರಿಯಾರೂಪ, ಅದರಲ್ಲೂ ಅಕ್ಷರ ಬದಲಾಗುವ ಕ್ರಿಯಾಪದಗಳು.

"ನಮ್ಮಲ್ಲಿ 'ಬರಲಿ', 'ಆಗಲಿ', 'ಉಳಿಯಲಿ' ಅಂತೀವಲ್ಲ, ಅದೇ ಇದು," ಅಂತ ಟೀಚರಮ್ಮ ಶುರುಮಾಡಿದ್ದರು. "ಆದದ್ದನ್ನ ಹೇಳೋದಲ್ಲ, ಆಗಲಿ ಅನ್ನೋದನ್ನ ಹೇಳೋದು. ದೊಡ್ಡವರಿಗೆ, ಹೊರಗಿನವರಿಗೆ ಮರ್ಯಾದೆಯಿಂದ 'ಮಾಡಿ', 'ಬನ್ನಿ' ಅನ್ನೋಕೂ ಇದೇ ರೂಪ. ಕೊನೆಯ 'ಆ' ಹೋಗಿ 'ಎ' ಬರುತ್ತೆ. ಅಲ್ಲೇ ಇರೋದು ತಕರಾರು. ಅವರ ಜಿ ಅಕ್ಷರದ ಮುಂದೆ ಆ 'ಎ', ಅಂದ್ರೆ ಇಂಗ್ಲಿಷಿನ ಇ ಅಕ್ಷರ, ಬಂದ್ರೆ ಅದನ್ನ 'ಗೆ' ಅಂತ ಓದೋ ಹಾಗಿಲ್ಲ, 'ಹೆ' ಅಂತ ಓದ್ಬೇಕು. 'ಗೆ' ಅನ್ನೋ ಸದ್ದು ಉಳೀಬೇಕಾದ್ರೆ ನಡುವೆ ಒಂದು ಯು ತುರುಕಬೇಕು. ಸಿ ಇದ್ದಲ್ಲಿ ಕ್ಯು, ಯು ಬರುತ್ತೆ. ಝಡ್ ಇದ್ದಲ್ಲಿ ಸಿ ಬರುತ್ತೆ. ಬರಹ ಬದಲಾಗೋದು ಸದ್ದು ಬದಲಾಗದೇ ಇರಲಿ ಅಂತ. ತಿಳೀತಾ?"

ಗಿಣಿಗೆ ಚೆನ್ನಾಗಿಯೇ ತಿಳಿದಿತ್ತು. ನಮ್ಮ ಗಕಾರಕ್ಕೆ ಏತ್ವ ಕೊಟ್ಟರೆ ಮುಗಿಯಿತು, ಗೆ ಗೆಯೇ. ಅವರಿಗೆ ಎಷ್ಟು ಪಾಡು, ಪಾಪ ಅನ್ನಿಸಿತ್ತು. ಆರಿಸು ಅನ್ನುವುದಕ್ಕೆ ಅಪಗಾರ್. ದೀಪ ಆರಿಸುವುದಕ್ಕೂ ಅದೇ, ಯಂತ್ರ ನಿಲ್ಲಿಸುವುದಕ್ಕೂ ಅದೇ. 'ಆರಿಸಿ' ಅನ್ನಬೇಕಾದರೆ ಅಪಾಗೆ. ನಡುವೆ ಒಂದು ಯು. 'ನಾನು ಆರಿಸಿದೆ' ಅನ್ನುವುದಕ್ಕೂ ಹೆಚ್ಚುಕಡಿಮೆ ಅದೇ ಅಕ್ಷರಗಳು, ಕೊನೆಯದರ ತಲೆಯ ಮೇಲೆ ಒಂದು ಸಣ್ಣ ಗೀರು ಬೇರೆ. ಅದು ಅಪಗೇ. ಬರೆಯುವ ಪರೀಕ್ಷೆಯಲ್ಲಿ ಗಿಣಿ ಒಂದು ಗೀರನ್ನೂ ಬಿಡಲಿಲ್ಲ. ಟೀಚರಮ್ಮ ಅವಳ ಉತ್ತರಪತ್ರಿಕೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು.

ಅದೇ ದಿನಗಳಲ್ಲಿ ಲಾಂಡ್ರಿಗೆ ಹೊಸ ಇಸ್ತ್ರಿ ಯಂತ್ರ ಬಂತು. ಹೊಸದು ಅಂದರೆ ಲಾಂಡ್ರಿಗೆ ಹೊಸದು. ಬೇರೆ ಎಲ್ಲೋ ದುಡಿದು ಸುಣ್ಣವಾದದ್ದನ್ನೇ ಸರಿಮಾಡಿ ಮಾರಿದ್ದರು. ಒಂದು ಲಾರಿಯಷ್ಟು ಉದ್ದ. ಮುಂದಿನಿಂದ ಒದ್ದೆ ಶೀಟು ಕೊಟ್ಟರೆ ಬಿಸಿ ಉರುಳೆಗಳ ನಡುವೆ ಹಾದು ಹಿಂದಿನಿಂದ ಹಪ್ಪಳದ ಹಾಗೆ ಗರಿಗರಿಯಾಗಿ ಬೀಳುತ್ತಿತ್ತು. ಅದನ್ನು ಕೂರಿಸಿ, ಓಡಿಸಿ, ಕಲಿಸಿಕೊಡಲು ಮಾರಿದ ಕಂಪನಿಯಿಂದ ಒಬ್ಬ ಮೆಕ್ಯಾನಿಕ್ ಬಂದ. ಅವನಿಗೆ ಸ್ಪ್ಯಾನಿಶ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ದುಭಾಷಿಯನ್ನು ಕರೆಸೋಣವೇ ಅಂತ ಯಾರೋ ಕೇಳಿದ್ದಕ್ಕೆ ಮಾವ ಎದೆಯುಬ್ಬಿಸಿ, "ನಮ್ಮ ಗಿಣಿ ಇರೋವಾಗ ಇನ್ಯಾವ ದುಭಾಷಿ ಬೇಕು?" ಅಂದಿದ್ದರು.

ಮೆಕ್ಯಾನಿಕ್‌ಗೆ ತುಟಿಯನ್ನೇ ಮುಚ್ಚುವಂಥ ದಪ್ಪ ಮೀಸೆ. ಬಂದ ದಿನವೇ ಅವನಿಗೆ 'ಮೀಸೆ' ಅಂತ ಹೆಸರು ಬಿತ್ತು. ದೊಡ್ಡ ಆಳು, ಮೃದು ಮಾತು. ಗಿಣಿ ತಪ್ಪು ಮಾತಾಡಿದರೂ ನಗುತ್ತಿರಲಿಲ್ಲ, ತಾಳ್ಮೆಯಿಂದ ಕಿವಿಗೊಡುತ್ತಿದ್ದ. ಮೊದಲ ದಿನ ಅವಳ ಬೆವರು ಕಿತ್ತುಬಂತು. ಆಮೇಲಾಮೇಲೆ ಒಂದು ಪದ್ಧತಿ ಕುದುರಿತು. ಮೀಸೆ ಯಂತ್ರದ ಹಿಂದೆ, ಅತ್ತಿಗೆ ಮುಂದೆ. ಅವರಿಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಇಬ್ಬರಿಗೂ ಕಾಣುವ ಹಾಗೆ ಗಿಣಿ ನಡುವೆ, ಒಂದು ಮಗ್ಗುಲಲ್ಲಿ. ಮೀಸೆ ಕೈ ಹಾಕಬೇಕಾದಾಗ ಅತ್ತಿಗೆ ಮುಂದಿನ ಸ್ವಿಚ್ ಆಫ್ ಮಾಡುತ್ತಿದ್ದಳು. ಗಿಣಿ "ಯಾ ಎಸ್ತಾ," ಅಂದರೆ 'ಆಯ್ತು', ಅಂತ ಹೇಳುತ್ತಿದ್ದಳು. ಮೀಸೆ "ಗ್ರಾಸಿಯಾಸ್" ಅಂತ ಥ್ಯಾಂಕ್ಸ್ ಹೇಳಿ ಕೆಲಸಕ್ಕಿಳಿಯುತ್ತಿದ್ದ. ಹಿಂದೆಯೂ ಒಂದು ಸ್ವಿಚ್ ಇತ್ತು, ಅವನ ಕೈಗೆಟಕುವ ಕಂಬದ ಮೇಲೆ. ಅದನ್ನು ಮುಟ್ಟುವ ಸಂದರ್ಭ ಬಂದಿರಲಿಲ್ಲ.

ಆ ದಿನ ಬೆಳಿಗ್ಗೆಯಿಂದಲೇ ಯಂತ್ರ ಸತಾಯಿಸುತ್ತಿತ್ತು. ಉರುಳೆಗಳ ಹೊಂದಾಣಿಕೆ ನೋಡಲು ಮೀಸೆ ಹಿಂಬದಿಯ ತಂತಿಜಾಲರಿಯನ್ನು ಬಿಚ್ಚಿ ಇಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಶೀಟು ಉರುಳೆಗಳ ನಡುವೆ ಮುದುಡಿ ಸಿಕ್ಕಿಕೊಂಡಿತು. ಉರುಳೆ ತಾನಾಗಿಯೇ ನಿಂತಿತು. ಒಳಗಿನ ಮೋಟಾರು ಮಾತ್ರ ಗುಂಯ್ ಅನ್ನುತ್ತಲೇ ಇತ್ತು; ಸಿಕ್ಕು ಬಿಟ್ಟರೆ ಸಾಕು, ಮತ್ತೆ ತಿರುಗಲು ಕಾದುಕೊಂಡಿದ್ದ ಹಾಗೆ. ಪಕ್ಕದಲ್ಲಿ ತೊಳೆಯುವ ಯಂತ್ರಗಳ ಆರ್ಭಟ, ಹಬೆ ಬಿಡುವ ಕೊಳವೆಯ ಬುಸುಗುಟ್ಟುವಿಕೆ. ಮೀಸೆ ಹಿಂದೆ ಕುಕ್ಕರಗಾಲಲ್ಲಿ ಕೂತು, ಮುದುಡಿದ ಬಟ್ಟೆಯನ್ನು ನೋಡುತ್ತಾ, ಆಫ್ ಮಾಡಿಸು ಅಂತ ಕೈಸನ್ನೆ ಮಾಡಿದ.

ಗಿಣಿ ಅತ್ತಿಗೆಗೆ ಹೇಳಿದಳು. ಅತ್ತಿಗೆ ಸ್ವಿಚ್ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಅಂಗೈಯಿಂದ ಗುದ್ದಿದಳು.

"ಗಿಣೀ, ಈ ದರಿದ್ರದ ಸ್ವಿಚ್ ಕಚ್ಕೊಂಡುಬಿಟ್ಟಿದೆ ಕಣೇ! ಆ ಕಡೆಯಿಂದ ಅವ್ರಿಗೇ ಆಫ್ ಮಾಡೋಕೆ ಹೇಳು!"

ಗಿಣಿಗೆ ಒಂದು ಗಳಿಗೆ ಖುಷಿಯೇ ಆಯಿತು ಅನ್ನಬೇಕು. ಆ ವಾರ ತಾನೇ ಕಲಿತ ಮಾತು, ಎಲ್ಲರೂ ತಡವರಿಸಿದ್ದ ರೂಪ, ಅದೂ ಮರ್ಯಾದೆಯ ರೂಪ, ಇಷ್ಟು ಬೇಗ ಕೆಲಸಕ್ಕೆ ಬಂತಲ್ಲ! ಮೀಸೆಯತ್ತ ತಿರುಗಿದಳು. ಆ ಸದ್ದಿನಲ್ಲಿ ಕೇಳಿಸಬೇಕಲ್ಲ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಜೋರಾಗಿ ಉಸಿರೆಳೆದು ಕೂಗಿದಳು. ನಾವು ದೂರದವರನ್ನು ಹೇಗೆ ಕೂಗುತ್ತೇವೆ? 'ಬನ್ನೀ...' ಅಂತ, 'ನಿಲ್ಸೀ...' ಅಂತ, ಕೊನೆಯ ಅಕ್ಷರವನ್ನು ಹಿಡಿದು ಎಳೆಯುತ್ತೇವೆ. ಗಿಣಿಯೂ ಹಾಗೇ ಕೂಗಿದಳು.

"ಅಪಗೇ...!"

ಮೀಸೆ ತಲೆ ಎತ್ತದೆಯೇ ಹೆಬ್ಬೆರಳು ತೋರಿಸಿದ. "ಗ್ರಾಸಿಯಾಸ್!" ಅಂದ.

ಇದ್ಯಾಕೆ ಥ್ಯಾಂಕ್ಸ್ ಹೇಳಿದ? ಗಿಣಿಯ ಮನಸ್ಸಿನಲ್ಲಿ ಆ ಪ್ರಶ್ನೆ ಹುಟ್ಟಿತು, ಅಷ್ಟೇ. ಆಫ್ ಮಾಡಿ ಅಂದವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ? ಆಫ್ ಮಾಡಿಕೊಟ್ಟವರಿಗೆ ತಾನೇ ಹೇಳುವುದು? ಅವನ ಕೈ ಕಂಬದ ಸ್ವಿಚ್ ಕಡೆ ಹೋಗಲೇ ಇಲ್ಲ. ಸೀದಾ ಉರುಳೆಗಳ ನಡುವೆ ಹೋಯಿತು. ಅವಳು "ನೋ" ಅನ್ನಲು ಬಾಯಿ ತೆರೆದಳು. ಮೀಸೆ ಶೀಟಿನ ಮುದ್ದೆಯನ್ನು ಹಿಡಿದು ಒಮ್ಮೆ ಜಗ್ಗಿದ. ಸಿಕ್ಕು ಬಿಟ್ಟಿತು. ಉರುಳೆ ಗಕ್ಕನೆ ತಿರುಗಿತು.

ಅಂಥ ದೊಡ್ಡ ಆಳಿನ ಗಂಟಲಿಂದ ಅಷ್ಟು ಸಣ್ಣ ಸದ್ದು ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಮಗು ನಿದ್ದೆಯಲ್ಲಿ ಬೆಚ್ಚಿದ ಹಾಗೆ. ಅಂಗೈ ಪೂರ್ತಿ ಬಟ್ಟೆಯ ಜೊತೆಗೇ ಒಳಗೆ ಹೋಗಿತ್ತು. ಗಿಣಿ ನಿಂತಲ್ಲೇ ನಿಂತಿದ್ದಳು. ಕಂಬದ ಸ್ವಿಚ್ ಕಾಣುತ್ತಿದೆ, ಕೈ ಏಳುತ್ತಿಲ್ಲ. ಬಾಯಿ ಮಾತ್ರ ತೆರೆದೇ ಇತ್ತು, 'ನೋ' ಅಲ್ಲೇ ಒಣಗಿತ್ತು. ಅಷ್ಟರಲ್ಲಿ ಅತ್ತಿಗೆ ಅವಳನ್ನು ಭುಜದಿಂದ ಗುದ್ದಿ ಪಕ್ಕಕ್ಕೆ ತಳ್ಳಿಕೊಂಡು ಗೋಡೆಯತ್ತ ನುಗ್ಗಿದಳು, ಕರೆಂಟಿನ ಮೇನ್ ಹಿಡಿಯನ್ನು ಎರಡೂ ಕೈಯಿಂದ ಕೆಳಗೆಳೆದಳು.

ಇಡೀ ಲಾಂಡ್ರಿ ಒಮ್ಮೆಗೇ ಸತ್ತ ಹಾಗೆ ಸುಮ್ಮನಾಯಿತು. ತೊಳೆಯುವ ಡ್ರಮ್ಮುಗಳು ನಿಧಾನವಾಗಿ ಸುತ್ತಿ ಸುತ್ತಿ ನಿಂತವು. ದೀಪಗಳೂ ಹೋದವು. ಆ ಮಬ್ಬಿನಲ್ಲಿ ಮೀಸೆಯ ಏದುಸಿರು ಒಂದೇ ಕೇಳಿಸುತ್ತಿತ್ತು. ಸುಟ್ಟ ವಾಸನೆ ಬರುತ್ತಿತ್ತು. ಬಟ್ಟೆಯದು ಮಾತ್ರ ಆಗಿರಲಿ ಅಂತ ಎಲ್ಲರೂ ಒಳಗೊಳಗೇ ಬೇಡಿಕೊಂಡರು.

ಉರುಳೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಅವನ ಕೈ ಬಿಡಿಸಿದರು. ಅದನ್ನು ಗಿಣಿ ನೋಡಲಿಲ್ಲ. ನೋಡಿದವರು ಆಮೇಲೆ ಹೇಳಲೂ ಇಲ್ಲ. ಅಣ್ಣ ವ್ಯಾನಿನಲ್ಲಿದ್ದ ಶೀಟಿನ ಗಂಟುಗಳನ್ನು ಬೀದಿಗೇ ಎಸೆದು ಜಾಗ ಮಾಡಿದ. ಮಾವ ಚಪ್ಪಲಿಯನ್ನೂ ಮೆಟ್ಟದೆ ಹತ್ತಿದರು. "ಗಿಣೀ, ಹತ್ತೇ! ಅಲ್ಲಿ ಮಾತಾಡೋರು ಯಾರು?" ಅಂತ ಅತ್ತಿಗೆ ಅವಳ ರಟ್ಟೆ ಹಿಡಿದು ಒಳಗೆ ನೂಕಿದಳು, ತಾನೂ ಹತ್ತಿದಳು. ದಾರಿಯುದ್ದಕ್ಕೂ ಮೀಸೆ ಕಣ್ಣು ಮುಚ್ಚಿ ಕೂತಿದ್ದ. ತೋಳಿಗೆ ಅತ್ತಿಗೆ ಸುತ್ತಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಾವ ಮೆಲ್ಲಗೆ ಗೊಣಗುತ್ತಿದ್ದರು. "ಸ್ವಿಚ್ ಆಫ್ ಮಾಡದೆ ಯಾರಾದ್ರೂ ಕೈ ಹಾಕ್ತಾರಾ? ಇಷ್ಟು ವರ್ಷ ಸರ್ವೀಸ್ ಅಂತಾರೆ. ಅವನದೇ ಅಜಾಗರೂಕತೆ. ಕಂಪನಿಯವರು ಕೇಳಿದ್ರೆ ಇದ್ದದ್ದು ಇದ್ದ ಹಾಗೇ ಹೇಳೋದು. ಅಲ್ವೇನಮ್ಮ?"

ಗಿಣಿ ತಲೆಯಾಡಿಸಿದಳು. ಅವಳಿಗೂ ಹಾಗೇ ಅನ್ನಿಸಿತ್ತು. ಆಫ್ ಮಾಡಿ ಅಂತ ತಾನು ಕೂಗಿದ್ದೆನಲ್ಲ, ಅವನು ಯಾಕೆ ಮಾಡಲಿಲ್ಲ? ಆ 'ಗ್ರಾಸಿಯಾಸ್' ಮಾತ್ರ ಎಲ್ಲೋ ಒಳಗೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದುಕೊಂಡು ಹೋದರು. ಎಕ್ಸ್‌ರೇ ತೆಗೆದರು, ಗಾಯ ತೊಳೆದರು, ಕಟ್ಟು ಹಾಕಿದರು. ಆಮೇಲೆ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಗಿಣಿಯನ್ನು ಕರೆದರು. ಹಿಂದೆಯೇ ಮಾವ, ಅತ್ತಿಗೆ ಇಬ್ಬರೂ ನುಗ್ಗಿದರು. ಕೈ ಉಳಿಯುತ್ತದೆ, ಎರಡು ಬೆರಳು ಮುರಿದಿವೆ, ಅಂಗೈಯ ಚರ್ಮ ಪೂರ್ತಿ ಸುಟ್ಟಿದೆ, ಒಂದು ಬೆರಳು ಮೊದಲಿನ ಹಾಗೆ ಮಡಚದೇ ಹೋಗಬಹುದು. ಇಷ್ಟನ್ನೂ ಗಿಣಿ ತಡವರಿಸುತ್ತಾ ಸ್ಪ್ಯಾನಿಶಿಗೆ ತಂದಳು. 'ವಾಸಿಯಾಗಲಿ' ಅಂತ ತಾನೇ ಒಂದು ಮಾತು ಸೇರಿಸಿದಳು.

ಮೀಸೆ ಅದೊಂದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಮಂಚದ ಮೇಲೆ ಒರಗಿಕೊಂಡವನು ಅವಳನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ಬರೀ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು. ಮೋಸ ಹೋದವನ ನೋಟ. ನಿಧಾನವಾಗಿ, ಅವಳಿಗೆ ಅರ್ಥವಾಗಲಿ ಅಂತ ಒಂದೊಂದೇ ಮಾತು ಬಿಡಿಸಿ ಕೇಳಿದ:

"ಸ್ವಿಚ್ ಆಫ್ ಮಾಡಿದೆ ಅಂತ ನನಗೆ ಯಾಕೆ ಹೇಳಿದಿರಿ?"

ಗಿಣಿಗೆ ಮಾತು ಅರ್ಥವಾಯಿತು, ಆದರೆ ಯಾಕೆ ಹಾಗೆ ಕೇಳುತ್ತಿದ್ದಾನೆ ಅಂತ ತಲೆಗೆ ಹತ್ತಲಿಲ್ಲ. "ನಾನು ಹಾಗೆ ಹೇಳಲಿಲ್ಲ," ಅಂದಳು. "ಆಫ್ ಮಾಡಿ ಅಂತ ತಾನೇ ಹೇಳಿದ್ದು?"

"ಇಲ್ಲ. ನೀವು 'ಅಪಗೇ' ಅಂದಿರಿ."

"ಹೌದು, ಅಪಗೇ," ಅಂದಳು ಗಿಣಿ.

ಅಂದ ಕೂಡಲೇ ತನ್ನದೇ ಬಾಯಿಂದ ಬಿದ್ದ ಸದ್ದು ಅವಳ ಕಿವಿಗೆ ಬಿತ್ತು. ಮೀಸೆಯೂ ದಿಂಬಿನಿಂದ ತಲೆ ಎತ್ತಿದ. ಅವನ ಮುಖ ನೋಡನೋಡುತ್ತಿದ್ದಂತೆಯೇ ಬದಲಾಯಿತು. ಬಹಳ ಮೆಲ್ಲಗೆ, ಗಾಜಿನ ಲೋಟ ಕೆಳಗಿಟ್ಟ ಹಾಗೆ, ಎರಡು ಮಾತು ಹೇಳಿದ. "ಅಪಾಗೆ," ಅಂದ. ಒಂದು ಗಳಿಗೆ ಬಿಟ್ಟು, "ಅಪಗೇ," ಅಂದ. ಒಂದರಲ್ಲಿ ನಡುವಿನ ಅಕ್ಷರಕ್ಕೆ ಒತ್ತು, ಇನ್ನೊಂದರಲ್ಲಿ ಕೊನೆಯದಕ್ಕೆ. ಆರಿಸಿ. ಆರಿಸಿದೆ.

ಗಿಣಿ ಮಂಚದ ಕಂಬಿ ಹಿಡಿದುಕೊಂಡಳು. ಬರೆಯುವಾಗ ಒಂದು ದಿನವೂ ತಪ್ಪದ ಆ ಗೀರು! ಕಾಗದದ ಮೇಲಾಗಿದ್ದರೆ ಕಣ್ಣು ಮುಚ್ಚಿಯೂ ಸರಿಯಾಗಿ ಹಾಕುತ್ತಿದ್ದಳು. ಬಾಯಲ್ಲಿ ಅದು ಎಲ್ಲಿ ಬಿತ್ತು ಅಂತ ನೋಡಿಕೊಂಡಿರಲೇ ಇಲ್ಲ.

"ಏನಂತೆ?" ಮಾವ ಅವಳ ತೋಳು ತಟ್ಟಿದರು. "ಏನಂತೆ ಅವನದು? ತನ್ನದೇ ತಪ್ಪು ಅಂತ ಒಪ್ಕೊಂಡನಾ?"

ಡಾಕ್ಟರೂ ನೋಡುತ್ತಿದ್ದರು. ಅತ್ತಿಗೆಯೂ ನೋಡುತ್ತಿದ್ದಳು. ಆ ಕೋಣೆಯಲ್ಲಿ ಅವನ ಮಾತು ಅರ್ಥವಾದದ್ದು ಗಿಣಿಗೆ ಒಬ್ಬಳಿಗೇ. ನೋವು ಅಂತೆ ಅಂದರೆ ನೋವು. ಬಾಯಾರಿಕೆ ಅಂತೆ ಅಂದರೆ ನೀರು ತರುತ್ತಿದ್ದರು. ಅವಳು ಏನು ಹೇಳಿದರೆ ಅದೇ ಅವನ ಮಾತಾಗುತ್ತಿತ್ತು. ಇದು ಹೊಳೆದಾಗ ಅವಳಿಗೆ ಇನ್ನಷ್ಟು ಭಯವಾಯಿತು.

"ಸ್ವಿಚ್ ಆಫ್ ಮಾಡಿದೆ ಅಂತ ನಾನೇ ಹೇಳಿದ್ನಂತೆ, ಮಾವ. ಅದನ್ನ ನಂಬಿ ಕೈ ಹಾಕಿದ್ರಂತೆ." ಮಾವನ ಮುಖ ನೋಡುತ್ತಲೇ, "ನಿಜ. ನಾನು ಹಾಗೇ ಹೇಳಿದ್ದೀನಿ. 'ಆಫ್ ಮಾಡಿ' ಅನ್ನೋಕೆ ಹೋಗಿ 'ಮಾಡಿದೆ' ಅಂದುಬಿಟ್ಟಿದ್ದೀನಿ," ಅಂದಳು.

ಮಾವ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೊರಗಿನ ಮೊಗಸಾಲೆಗೆ ಬಂದರು. ತಳ್ಳುಗಾಡಿ, ನರ್ಸುಗಳ ನಡುವೆ ಗೋಡೆಗೊತ್ತಿ ನಿಲ್ಲಿಸಿ, ಹಲ್ಲು ಕಚ್ಚಿ ಪಿಸುಗುಟ್ಟಿದರು. "ನಿನಗೇನು ತಲೆ ಕೆಟ್ಟಿದೆಯಾ? ಡಾಕ್ಟರ ಎದುರಿಗೇ ಹೇಳ್ತೀಯಲ್ಲೇ! ಸುಮ್ಮನೆ ಏನಾದ್ರೂ ಒಂದು ಅಂದಿದ್ರೆ ಯಾರಿಗೆ ತಿಳೀತಿತ್ತು? ನಾಳೆ ಪೊಲೀಸು, ಕೋರ್ಟು ಅಂತ ಅಲೆದಾಡೋರು ಯಾರು? ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ ನಾನು!"

ಆಗ ಹಿಂದಿನಿಂದ ಅತ್ತಿಗೆಯ ದನಿ ಬಂತು.

"ಆ ಮುಂದಿನ ಸ್ವಿಚ್ ಕಚ್ಕೊಳ್ತಿದೆ ಅಂತ ಮೊನ್ನೆಯೇ ಹೇಳಿದ್ದೆ, ಮಾವ. 'ನೋಡೋಣ' ಅಂದ್ರಿ."

ಮಾವ ತಿರುಗಿ ನೋಡಿದರು. ಮದುವೆಯಾಗಿ ಬಂದಾಗಿನಿಂದ ಅತ್ತಿಗೆ ಅವರಿಗೆ ಎದುರು ಮಾತಾಡಿದ್ದೇ ಇಲ್ಲ. ಗೊಣಗುತ್ತಿದ್ದಳು, ಪಾತ್ರೆ ಕುಕ್ಕುತ್ತಿದ್ದಳು, ಅಷ್ಟೇ. ಗಿಣಿಯೂ ಬೆಕ್ಕಸಬೆರಗಾಗಿ ನೋಡಿದಳು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು. "ಇವಳನ್ನ ಒಬ್ಬಳನ್ನೇ ಯಾಕೆ ಗೋಡೆಗೆ ನಿಲ್ಲಿಸ್ತೀರಿ? ಸ್ವಿಚ್ ಸರಿಯಿದ್ದಿದ್ರೆ ಇವಳು ಕೂಗೋ ಪ್ರಮೇಯವೇ ಬರ್ತಿರಲಿಲ್ಲ."

ಮಾವ ಅಲ್ಲಿದ್ದ ಬೆಂಚಿನ ಮೇಲೆ ದೊಪ್ಪನೆ ಕೂತು, ಬರಿಗಾಲನ್ನು ಒಂದರ ಮೇಲೊಂದು ಇಟ್ಟುಕೊಂಡು ನೆಲ ನೋಡತೊಡಗಿದರು.

ಅತ್ತಿಗೆ ತನ್ನ ಪರ ನಿಂತಳು ಅಂತ ಗಿಣಿಗೆ ಅಳು ಒತ್ತಿಕೊಂಡು ಬಂತು. ಆದರೆ ವ್ಯಾನಿನತ್ತ ನಡೆಯುವಾಗ ಅದೇ ಅತ್ತಿಗೆ ಇನ್ನೊಂದು ಮಾತು ಅಂದಳು. ಬೈಗುಳದ ಹಾಗೆ ಅನ್ನಲಿಲ್ಲ, ತನಗೆ ತಾನೇ ಅಂದುಕೊಂಡ ಹಾಗೆ ಅಂದಳು. "ಬರೀ 'ಆಫ್' ಅಂದಿದ್ರೂ ಆಗ್ತಿತ್ತಲ್ಲೇ. ಆನ್ ಆಫ್ ಅವ್ರಿಗೂ ಗೊತ್ತು. ನಾನೇ ಅಲ್ಲಿಂದ 'ಆಫ್' ಅಂತ ಒದರಿದ್ರೆ ಸಾಕಿತ್ತು."

ಗಿಣಿ ಅಲ್ಲೇ ನಿಂತುಬಿಟ್ಟಳು. ಇಷ್ಟೊತ್ತು ತಡೆದದ್ದು ಆಗ ತಡೆಯಲಿಲ್ಲ. ಹೌದಲ್ಲ! ಆ ಒಂದಕ್ಷರದ ಮಾತು ಯಾಕೆ ಬಾಯಿಗೆ ಬರಲಿಲ್ಲ? ಬರುವುದೆಲ್ಲಿಂದ? ಕಲಿತದ್ದನ್ನು ಮೆರೆಸುವ ಹುಮ್ಮಸ್ಸಿನಲ್ಲಿದ್ದಳಲ್ಲ. ಆಸ್ಪತ್ರೆಯ ಗೇಟಿನ ಮುಂದೆ, ಹೋಗಿಬರುವವರ ನಡುವೆ ನಿಂತು, ಮುಖ ಮುಚ್ಚಿಕೊಂಡು ಬಿಕ್ಕಿದಳು.

ಮರುದಿನ ಅವಳು ಆಸ್ಪತ್ರೆಗೆ ಹೋಗುವಾಗ ಕಾಲು ಹಿಂದೆಹಿಂದೆ ಎಳೆಯುತ್ತಿತ್ತು. ಬಾಗಿಲಲ್ಲೇ ನಿಂತು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತನ್ನು ಒಪ್ಪಿಸಿದಳು. ಮೀಸೆ ಕೊನೆಯವರೆಗೂ ಕೇಳಿದ. ಎಡಗೈಯಿಂದ ಕುರ್ಚಿ ತೋರಿಸಿದ.

"ನಾನೊಂದು ಹೇಳ್ತೀನಿ," ಅಂದ. "ಹೊಸಬರಿಗೆಲ್ಲ ಪಾಠ ಹೇಳೋನು ನಾನೇ. ಮೊದಲನೇ ದಿನ ಹೇಳೋ ಪಾಠ ಏನು ಗೊತ್ತಾ? ಯಾರು ಏನೇ ಹೇಳಲಿ, ನಿನ್ನ ಸ್ವಿಚ್ ನೀನೇ ಆಫ್ ಮಾಡು, ಆಮೇಲೆ ಕೈ ಹಾಕು. ಕಂಬ ನನ್ನ ಪಕ್ಕದಲ್ಲೇ ಇತ್ತು. ಕೈ ಚಾಚೋಕೆ ಸೋಮಾರಿತನ." ಕಟ್ಟು ಹಾಕಿದ ಕೈಯನ್ನು ಸ್ವಲ್ಪ ಎತ್ತಿ ಅದನ್ನೇ ನೋಡಿದ. "ನಿನ್ನೆಯೆಲ್ಲ ನಿಮ್ಮ ಮೇಲೆ ಎಷ್ಟು ಕೋಪ ಇತ್ತು ಅಂದ್ರೆ... ಈಗಲೂ ಸ್ವಲ್ಪ ಇದೆ. ಆದ್ರೆ ಪೂರ್ತಿ ನಿಮಗೇ ಕೊಡೋಕಾಗಲ್ಲ."

ಅವನು ಅದನ್ನು ಬಚ್ಚಿಟ್ಟುಕೊಳ್ಳದೆ ಹೇಳಿದ್ದರಿಂದಲೇ ಗಿಣಿಗೆ ಉಸಿರಾಡಲು ಸಾಧ್ಯವಾಯಿತು. ಪರವಾಗಿಲ್ಲ ಬಿಡಿ ಅಂತ ಬಾಯಿಮಾತಿಗೆ ಅಂದಿದ್ದರೆ ಅವಳು ನಂಬುತ್ತಿರಲಿಲ್ಲ.

ಕಂಪನಿಯವರು ಫೋನಿನಲ್ಲಿ ವಿಚಾರಿಸಿದರು. ಮೀಸೆ ಅವರಿಗೆ ಮೂವರ ಪಾಲನ್ನೂ ಹೇಳಿದ: ಕಚ್ಚಿಕೊಂಡ ಸ್ವಿಚ್, ಎಳೆದ ಅಕ್ಷರ, ಚಾಚದ ಕೈ. ಬೇರೆ ದುಭಾಷಿಯನ್ನು ಗೊತ್ತುಮಾಡಲೇ ಅಂತ ಕೇಳಿದ್ದಕ್ಕೆ ಬೇಡ ಅಂದ. ಇನ್ನು ಮೇಲೆ ಯಾರೂ ಕೂಗುವುದು ಬೇಡ, ಎದುರು ಬಂದು ಹೇಳಲಿ, ಅಂದ. ಮಾವ ಎರಡೂ ಸ್ವಿಚ್ಚುಗಳನ್ನು ಕಿತ್ತು ಹೊಸದು ಹಾಕಿಸಿದರು. ಗಿಣಿಯ ಜೊತೆ ಮಾತ್ರ ಬಹಳ ದಿನ ಮಾತಾಡಲಿಲ್ಲ. ಏನಾದರೂ ಬೇಕಾದರೆ ಅವಳ ಎದುರಿಗೇ ನಿಂತು, "ಗಿಣಿಗೆ ಹೇಳು," ಅಂತ ಅತ್ತಿಗೆಗೆ ಹೇಳುತ್ತಿದ್ದರು. "ಈಗ ನಾನು ದುಭಾಷಿ ಆಗಿದ್ದೀನಿ ನೋಡು," ಅಂತ ಅತ್ತಿಗೆ ಕಣ್ಣು ಹೊರಳಿಸುತ್ತಿದ್ದಳು.

ಮೀಸೆ ಊರಿಗೆ ಹೊರಟ ದಿನ ಅವನ ಒಂದು ಬೆರಳು ಡಾಕ್ಟರು ಹೇಳಿದ ಹಾಗೆ ನೆಟ್ಟಗೇ ನಿಂತಿತ್ತು. ಎಡಗೈ ಚಾಚಿ ಎಲ್ಲರ ಕೈ ಕುಲುಕಿದ. ಗಿಣಿಯ ಸರದಿ ಬಂದಾಗ ಅವಳು ಒಂದೊಂದು ಅಕ್ಷರವನ್ನೂ ಅಳೆದು, 'ಯೇಗೆ'ಯ ಮೊದಲ ಅಕ್ಷರದ ಮೇಲೆ ಭಾರ ಹಾಕಿ, "ಕೆ ಯೇಗೆ ಬಿಯೇನ್," ಅಂದಳು. ಸುಖವಾಗಿ ತಲುಪಲಿ. ಆ ದಪ್ಪ ಮೀಸೆಯ ಅಡಿಯಲ್ಲಿ ಅವನ ತುಟಿ ಅಲುಗಿತು. "ಸರಿಯಾಗಿದೆ. 'ಯೆಗೇ' ಅಂದಿದ್ದರೆ ನನಗಿಂತ ಮೊದಲು ನೀವೇ ನಮ್ಮ ಮನೆ ತಲುಪಿದಿರಿ ಅಂದುಕೊಳ್ಳುತ್ತಿದ್ದೆ," ಅಂದ. ಗಿಣಿ ನಕ್ಕಳು. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಆ ಬೆರಳು ಕಣ್ಣಿಗೆ ಬಿತ್ತು.

ಕ್ಲಾಸಿಗೆ ಅವಳು ಮತ್ತೆ ಹೋಗಿರಲಿಲ್ಲ. ಶೀಟುಗಳನ್ನು ಸದ್ದಿಲ್ಲದೆ ಎಣಿಸುತ್ತಿದ್ದಳು. ಒಂದು ಮಧ್ಯಾಹ್ನ ಟೀಚರಮ್ಮನೇ ಲಾಂಡ್ರಿಗೆ ಬಂದರು. ಎಣಿಸುವ ಮೇಜಿನ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತು ನಡೆದದ್ದನ್ನೆಲ್ಲ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಕೈ ಬಾಯಿಗೆ ಹೋಯಿತು, ಅಲ್ಲೇ ಉಳಿಯಿತು.

"ನಾನು ಬರೆಸಿದೆ," ಅಂದರು ಕೊನೆಗೆ. "ಬರೀ ಬರೆಸಿದೆ. ಯು ಎಲ್ಲಿ ಹಾಕ್ಬೇಕು, ಸಿ ಎಲ್ಲಿ ತೆಗೀಬೇಕು. ಒಂದು ದಿನವೂ ನಿಮ್ಮನ್ನ ಕೂಗಿಸಲಿಲ್ಲವಲ್ಲಮ್ಮ! ಆ ಭಾಷೆಯಲ್ಲೂ ಜನ ದೂರದಿಂದ ಕೂಗ್ತಾರೆ ಅನ್ನೋದೇ ನನಗೆ ಹೊಳೀಲಿಲ್ಲ."

ಅದಾದ ವಾರ ಅವರು ಕ್ಲಾಸನ್ನು ತಾರಸಿಗೆ ಒಯ್ದರು. ಗಿಣಿ ಬಂದಳು. ಅವಳಾಗಿ ಬರಲಿಲ್ಲ, ಅತ್ತಿಗೆ ಕರೆತಂದಳು. "ನಾನೂ ಸೇರ್ಕೋತೀನಿ. ಮುಂದಿನ ಸಲ ಯಂತ್ರದ ಹತ್ತಿರ ನಿಂತಾಗ ನನ್ನ ಮಾತು ನಾನೇ ಆಡ್ತೀನಿ," ಅಂತ ಅತ್ತಿಗೆ ಫೀಸು ಕಟ್ಟಿ ಬಂದಿದ್ದಳು. ಟೀಚರಮ್ಮ ಅರ್ಧ ಜನರನ್ನು ತಾರಸಿಯ ಈ ತುದಿಗೆ, ಅರ್ಧ ಜನರನ್ನು ನೀರಿನ ಟ್ಯಾಂಕಿನ ಆ ಕಡೆಗೆ ನಿಲ್ಲಿಸಿದರು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರನ್ ಬಾರಿಸುತ್ತಿದ್ದವು. ಸದ್ದಿದ್ದರೇ ಒಳ್ಳೆಯದು ಅಂದರು ಟೀಚರಮ್ಮ.

ಒಬ್ಬೊಬ್ಬರೇ ಕೂಗಿದರು. 'ಹುಡುಕಿ' ಅಂತ, 'ಶುರುಮಾಡಿ' ಅಂತ, 'ಆರಿಸಿ' ಅಂತ. ಎಲ್ಲರೂ ಕೊನೆಯ ಅಕ್ಷರವನ್ನೇ ಎಳೆದರು, ಒಬ್ಬರೂ ಬಿಡದೆ. ಟೀಚರಮ್ಮ ಹಣೆ ಹಿಡಿದುಕೊಂಡು, "ಅಯ್ಯೋ, ಇಷ್ಟೊಂದು ಜನರ ಕೈ ಹೋಗ್ತಿತ್ತಲ್ಲಪ್ಪಾ!" ಅಂದರು. ಯಾರೂ ನಗಲಿಲ್ಲ.

ಗಿಣಿಯ ಸರದಿ ಬಂತು. ಅವಳಿಗೆ ಬಂದದ್ದು 'ಹುಡುಕಿ' ಅನ್ನುವ ಮಾತು, ಬೂಸ್ಕೆ. ಬಾಯಿ ತೆರೆದಳು. ಉರುಳೆ ತಿರುಗಿದ ಆ ಗಕ್ಕನೆಯ ಸದ್ದು ಕಿವಿಗೆ ಬಂತು. ಮೆಲ್ಲಗೆ, ತುಟಿಯಲ್ಲೇ, "ಬೂಸ್ಕೆ," ಅಂದಳು.

ಟ್ಯಾಂಕಿನ ಆ ಕಡೆಯಿಂದ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು, ಕೊರಳು ಚಾಚಿ, ಇಡೀ ಬೀದಿ ತಲೆ ಎತ್ತಿ ನೋಡುವ ಹಾಗೆ ಕಿರುಚಿದಳು:

"ಕೇಳಿಸ್ತಿಲ್ಲ ಕಣೇ!"

ಗಿಣಿ ಬೆಚ್ಚಿಬಿದ್ದಳು. ಕೈಗಳನ್ನು ಬಾಯಿಗೆ ಅಡ್ಡ ಹಿಡಿದಳು. ಮೊದಲ ಅಕ್ಷರಕ್ಕೆ ಉಸಿರನ್ನೆಲ್ಲ ತುಂಬಿ, ಕೊನೆಯದನ್ನು ಕತ್ತರಿಸಿದ ಹಾಗೆ ನಿಲ್ಲಿಸಿ, ಕೂಗಿದಳು. ಗಂಟಲು ಒಡೆದ ಹಾಗಿತ್ತು, ಸುಶ್ರಾವ್ಯವಾಗೇನೂ ಇರಲಿಲ್ಲ. ಟೀಚರಮ್ಮ ಕಣ್ಣು ಮುಚ್ಚಿ ಆಲಿಸಿದರು, ತಲೆಯಾಡಿಸಿದರು.

"ಈಗ ಕೇಳಿಸ್ತು," ಅಂದಳು ಅತ್ತಿಗೆ.